ಬಾನ್ ಶಿಯಾ ಹಸಿಯಾಗಿದ್ದರೆ ವಿಷ

ಮಾನ್ಯ ಸಂಪಾದಕರೇ,

ಕಫದ ಕೆಮ್ಮಿಗೆ ಚೀನಾದವರು ಕುಡಿಯುವ ‘ಅರ್ ಚೆನ್ ತಾಂಗ್’ ಕಷಾಯದ ಬಗ್ಗೆ ನಿಮ್ಮಲ್ಲಿ ಬಂದ ಟಿಪ್ಪಣಿಯಲ್ಲಿ ಮೂಲಿಕೆಗಳ ಹೆಸರುಗಳಿವೆ, ಅವುಗಳ ಸಂಸ್ಕಾರದ, ಅಂದರೆ ವಿಷ ತಗ್ಗಿಸಿ ಹದಗೊಳಿಸುವ ಕ್ರಮದ ಮಾತೇ ಇಲ್ಲ. ಈ ಯೋಗದಲ್ಲಿ, ಅಂದರೆ ಮೂಲಿಕೆಗಳ ಈ ಮಿಶ್ರಣದಲ್ಲಿ, ಅದನ್ನು ಬಿಟ್ಟರೆ ಉಳಿಯುವುದು ಅಪಾಯ.

ಇದು ಸುಂಗ್ ರಾಜವಂಶದ ಕಾಲದ ಸರಕಾರಿ ಔಷಧಾಲಯದ ಯೋಗ. ಈಗಿನ ಅಳತೆಯಲ್ಲಿ ಬಾನ್ ಶಿಯಾ ಗೆಡ್ಡೆ 15 ಗ್ರಾಂ, ಕಿತ್ತಳೆ ಜಾತಿಯ ಹಣ್ಣಿನ ಒಣಸಿಪ್ಪೆ 15, ಪೈನ್ ಬೇರಿನ ಮೇಲೆ ಬೆಳೆಯುವ ಫು ಲಿಂಗ್ ಎಂಬ ಶಿಲೀಂಧ್ರ 9, ಹುರಿದ ಜ್ಯೇಷ್ಠಮಧು 4.5. ಜೊತೆಗೆ ಹಸಿಶುಂಠಿ 7 ಬಿಲ್ಲೆ, ಹೊಗೆಯಲ್ಲಿ ಒಣಗಿಸಿದ ಹುಳಿ ಪ್ಲಮ್ ಒಂದು. ‘ಅರ್ ಚೆನ್’ ಎಂದರೆ ‘ಎರಡು ಹಳತು’: ಗೆಡ್ಡೆ, ಸಿಪ್ಪೆ ಎರಡೂ ಹಳೆಯದಾದಷ್ಟೂ ಅವುಗಳ ತೀಕ್ಷ್ಣತೆ ಇಳಿಯುತ್ತದೆ. ಪ್ಲಮ್ ಯಾಕೆ ಎಂದು ಕೈಬಿಡುವವರಿದ್ದಾರೆ. ಉಳಿದವು ದೇಹವನ್ನು ಅತಿಯಾಗಿ ಒಣಗಿಸದಂತೆ ತಡೆಯುವುದು ಅದರ ಹುಳಿಯೇ.

ಬಾನ್ ಶಿಯಾ ಕೆಸುವಿನ ಕುಟುಂಬದ ಗೆಡ್ಡೆ. ಹಸಿಯಾಗಿ ಬಾಯಿಗೆ ಬಿದ್ದರೆ ಅದರ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಚುಚ್ಚಿ ನಾಲಿಗೆ ಮರಗಟ್ಟುತ್ತದೆ, ಗಂಟಲು ಬಾಯುತ್ತದೆ. ಆದ್ದರಿಂದ ಮೊದಲು ಸಂಸ್ಕಾರ. ಮಧ್ಯದ ಒಣ ತಿರುಳು ಹೋಗುವವರೆಗೆ ನೀರಲ್ಲಿ ನೆನೆಸಿ, ಶುಂಠಿ ಕಷಾಯದಲ್ಲಿ ಪಟಿಕ ಸೇರಿಸಿ ಒಳಗೂ ಬೇಯುವಂತೆ ಕುದಿಸಿ, ಅರೆ ಒಣಗಿಸಿ, ಹೋಳು ಮಾಡುತ್ತಾರೆ. ಚೀನಾದ ಔಷಧ ಸಂಹಿತೆಯ ಪ್ರಕಾರ 100 ಕಿಲೋ ಗೆಡ್ಡೆಗೆ ಶುಂಠಿ 25 ಕಿಲೋ, ಪಟಿಕ 12.5 ಕಿಲೋ. ಹೀಗೆ ಸಿದ್ಧವಾದ ಹೋಳು ನಾಲಿಗೆಗೆ ತಾಗಿದರೆ ತುಸು ಜುಮ್ಮೆನ್ನುತ್ತದೆ, ಅಷ್ಟೆ. ಇದು ಔಷಧಾಲಯದ ಕೆಲಸ. ಮನೆಯ ಪಾತ್ರೆಯಲ್ಲಿ ಪ್ರಯೋಗ ಬೇಡ.

ಎಲ್ಲ ಕಫಕ್ಕೂ ಇದಲ್ಲ. ಬಿಳಿಯಾಗಿ, ಹೇರಳವಾಗಿ, ಸಲೀಸಾಗಿ ಹೊರಬರುವ ಕಫ, ಎದೆ ಬಿಗಿತ, ವಾಕರಿಕೆ, ನಾಲಿಗೆಯ ಮೇಲೆ ಬಿಳಿ ಜಿಡ್ಡು ಪೊರೆ: ಇವು ಇದ್ದಾಗ ಕೊಡುತ್ತಾರೆ. ಗುಲ್ಮವು (ಸ್ಪ್ಲೀನ್) ಕಫ ಹುಟ್ಟಿಸುತ್ತದೆ, ಶ್ವಾಸಕೋಶ ಅದನ್ನು ಕೂಡಿಟ್ಟುಕೊಳ್ಳುತ್ತದೆ ಎಂಬುದು ಆ ಪದ್ಧತಿಯ ನಂಬಿಕೆ. ಒಣಕೆಮ್ಮು, ಹಳದಿ ಗಟ್ಟಿ ಕಫಗಳಿಗೆ ಇದೇ ಕಷಾಯ ಕೊಟ್ಟರೆ ಗಂಟಲು ಇನ್ನಷ್ಟು ಒಣಗುತ್ತದೆ. ರಕ್ತ ಬಂದರೆ, ಉಸಿರು ಕಟ್ಟಿದರೆ ಕಷಾಯದ ಮಾತು ಬಿಟ್ಟು ಆಸ್ಪತ್ರೆಗೆ ಹೋಗಬೇಕು. ಬಸುರಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು. ಜ್ಯೇಷ್ಠಮಧು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು, ಮೂತ್ರವರ್ಧಕ ಮಾತ್ರೆ ನುಂಗುವವರಿಗಂತೂ ಇದು ಸಣ್ಣ ವಿಷಯವಲ್ಲ. ವತ್ಸನಾಭಿಯ ಜೊತೆ ಬಾನ್ ಶಿಯಾ ಸೇರಿಸುವುದು ಚೀನೀ ವೈದ್ಯರಲ್ಲೇ ನಿಷಿದ್ಧ.

ಪ್ರಮಾಣದಲ್ಲೂ ಗೊಂದಲವಿದೆ. ಆ ಔಷಧಾಲಯದ ಹಳೆಯ ಗ್ರಂಥದಲ್ಲಿ ಒಂದು ಸಲಕ್ಕೆ 4 ಚಿಯೆನ್ (ಚೀನಾದ ಹಳೆಯ ತೂಕ), ಅಂದರೆ ಸುಮಾರು 12ರಿಂದ 16 ಗ್ರಾಂ ತರಿಪುಡಿ ಮಾತ್ರ. ಒಂದು ಬಟ್ಟಲು ನೀರು ಹತ್ತರಲ್ಲಿ ಆರು ಪಾಲಿಗೆ ಇಳಿಯುವವರೆಗೆ ಕುದಿಸಿ, ಸೋಸಿ, ಬಿಸಿಯಾಗಿ ಕುಡಿಯುವುದು. ಮೇಲೆ ಹೇಳಿದ ಗ್ರಾಂ ಲೆಕ್ಕವೆಲ್ಲ ಕುದಿಸಿ ಸೋಸುವ ಹೋಳುಗಳದ್ದು, ಅದನ್ನೇ ಪುಡಿ ಮಾಡಿ ಒಮ್ಮೆಗೇ ಕುಡಿದರೆ ಎಡವಟ್ಟು.

ಇನ್ನೊಂದು, ಬಾನ್ ಶಿಯಾ ಹೆಸರಲ್ಲಿ ‘ಶುಯ್ ಬಾನ್ ಶಿಯಾ’ ಎಂಬ ಬೇರೆ ಗೆಡ್ಡೆಯೂ ಮಾರಾಟವಾಗುತ್ತದೆ. ನಿಜವಾದದ್ದು ದುಂಡಗೆ, ಮೇಲ್ಭಾಗದಲ್ಲಿ ಕಾಂಡದ ಗುಳಿ, ಸುತ್ತ ಚುಕ್ಕಿಗಳು. ಇನ್ನೊಂದು ಉದ್ದಕ್ಕೆ, ಶಂಕುವಿನಂತೆ. ಹೋಳಾಗಿ ಪುಡಿಯಾದ ಮೇಲೆ ಈ ಗುರುತು ಸಿಗುವುದಿಲ್ಲ.

ಇಂತಿ,
ಓರ್ವ ಓದುಗ