ಹೇಳದೆ ಕರೆಂಟ್ ತೆಗೆದವರು ಹೋದ ಹಾಡು ತಂದುಕೊಡುತ್ತಾರೆಯೇ?

ಮಾನ್ಯರೇ,

ನಮ್ಮ ಚಿಕ್ಕಮಗಳೂರಿನ ವಿಜಯಪುರ ಬಡಾವಣೆಯಲ್ಲಿ ಮೊನ್ನೆ ಕರೆಂಟ್ ಹೋದ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿ ಮೈ ಉರಿಯಿತು. ತುರ್ತು ದುರಸ್ತಿಯಂತೆ, ಯಾರಿಗೂ ತೊಂದರೆ ಆಗಿಲ್ಲವಂತೆ. ಹೀಗೆ ಹೇಳಿಕೆ ಕೊಟ್ಟ ವಿದ್ಯುತ್ ಕಚೇರಿಯವರು ಒಮ್ಮೆ ನಮ್ಮ ರೆಕಾರ್ಡಿಂಗ್ ಕೋಣೆಗೆ ಬಂದು ನೋಡಲಿ. ಚಿಕ್ಕಮಗಳೂರಿನದೇ ಹುಡುಗರು ದೊಡ್ಡ ಕಂಪನಿಗಳ ಹಂಗಿಲ್ಲದೆ ಕಟ್ಟಿದ ಇಂಡೀ ರಾಕ್ ತಂಡದ ಕೊನೆಯ ಸ್ಟುಡಿಯೊ ಆಲ್ಬಂ ಅಲ್ಲಿ ಧ್ವನಿಮುದ್ರಣವಾಗುತ್ತಿತ್ತು. ಬೆಳಿಗ್ಗೆ ಹತ್ತರಿಂದ ಸಂಜೆಯೊಳಗೆ ಐದು ಸಲ ಕರೆಂಟ್ ಹೋಯಿತು.

ಡ್ರಮ್ಸ್‌ಗೆ ಎಂಟು ಮೈಕು: ಕಾಲಲ್ಲಿ ಬಡಿಯುವ ಕಿಕ್ ಡ್ರಮ್ಮಿಗೆ ಒಂದು, ಸ್ನೇರ್ ಡ್ರಮ್ಮಿಗೆ ಮೇಲೊಂದು ಕೆಳಗೊಂದು, ಟಾಮ್ ಡ್ರಮ್ಮುಗಳಿಗೆ ಮೂರು, ನುಡಿಸುವವನ ತಲೆಯ ಮೇಲೆ ಎರಡು. ಮೇಲಿನವು ಕಂಡೆನ್ಸರ್ ಮೈಕು. ಮೈಕಿನ ದನಿಯನ್ನು ಕಂಪ್ಯೂಟರಿಗೆ ಸಾಗಿಸುವ ಇಂಟರ್‌ಫೇಸ್ ಪೆಟ್ಟಿಗೆಯಿಂದ 48 ವೋಲ್ಟ್ ಹೋಗುತ್ತಿದ್ದರೆ ಮಾತ್ರ ಅವಕ್ಕೆ ಜೀವ. ಯುಪಿಎಸ್ ಇಟ್ಟುಕೊಳ್ಳಬಾರದೇ ಎಂದು ಕಚೇರಿಯಲ್ಲಿ ಬುದ್ಧಿ ಹೇಳಿದರು. ಇದೆ ಸ್ವಾಮಿ! ಕಂಪ್ಯೂಟರು, ಇಂಟರ್‌ಫೇಸ್ ಎರಡನ್ನೂ ಅದು ಹತ್ತು ನಿಮಿಷ ಹಿಡಿದಿಡುತ್ತದೆ. ಆದರೆ ಬ್ಯಾಟರಿ ತುಂಬಿಕೊಳ್ಳುವಷ್ಟು ಹೊತ್ತಾದರೂ ಕರೆಂಟ್ ನಿಲ್ಲಬೇಕಲ್ಲ? ಮೂರನೆಯ ಸಲಕ್ಕೆ ಅದೂ ಕೂಗಿ ಕೂಗಿ ಮಲಗಿತು. ನಮ್ಮಲ್ಲಿ ಮುದ್ರಣ ನಿಲ್ಲಿಸಿದಾಗಲಷ್ಟೇ, ದನಿ ತುಂಬಿಕೊಳ್ಳುವ ವೇವ್ ಫೈಲಿನ ಆರಂಭದಲ್ಲಿ ಅದರ ಉದ್ದ ದಾಖಲಾಗುವುದು. ನಡುವೆಯೇ ಕಂಪ್ಯೂಟರ್ ಆರಿದರೆ ಅದು ಸೊನ್ನೆಯಾಗಿಯೇ ಉಳಿಯುತ್ತದೆ. ಮೈಕಿಗೊಂದರಂತೆ ಇದ್ದ ಎಂಟು ಫೈಲುಗಳಲ್ಲಿ ಐದು ತೆರೆಯಲೇ ಇಲ್ಲ.

ವಾಲ್ವ್ ಎಂಬ ಗಾಜಿನ ಕೊಳವೆ ಬಿಸಿಯಾಗಿ ಕೆಲಸ ಮಾಡುವ ಗಿಟಾರ್ ಆಂಪ್ಲಿಫೈಯರ್ ಹೊರುವ ಶಕ್ತಿ ಆ ಯುಪಿಎಸ್‌ಗೆ ಇಲ್ಲ. ಒರಟು ಕರೆಂಟ್ ಕೊಡುವ ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್‌ಗೆ ಹಾಕಿದರೆ ಗಿಟಾರಿನ ತಂತಿಯ ಕಂಪನ ಹಿಡಿಯುವ ಪಿಕಪ್ ಝುಂಯ್ ಎಂದು ಕೊರೆಯುತ್ತದೆ. ಜನರೇಟರ್ ಹಚ್ಚಿದರೆ ಅದರ ಸದ್ದೇ ಮೈಕಿಗೆ ಬೀಳುತ್ತದೆ. ಕರೆಂಟ್ ಇದ್ದಾಗಲಾದರೂ ನೆಟ್ಟಗಿದೆಯೇ? ಸಂಜೆ 180 ವೋಲ್ಟಿಗೆ ಇಳಿದಾಗ ವಾಲ್ವ್ ಸರಿಯಾಗಿ ಬಿಸಿಯಾಗದೆ ಗಿಟಾರಿನ ದನಿ ಸೊರಗುತ್ತದೆ. ಸ್ಟೆಬಿಲೈಸರ್ ಹಾಕಿದರೆ ಅದರೊಳಗಿನ ರಿಲೇ ಸ್ವಿಚ್ಚು ಹಾಡಿನ ನಡುವೆ ಟಕ್ ಎನ್ನುತ್ತದೆ.

ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ತಮಟೆ ಇದ್ದ ಹಾಡು. ಈ ಮಳೆಗಾಲದ ಥಂಡಿಗೆ ಚರ್ಮ ಸಡಿಲಾಗುತ್ತದೆ. ಬೆಂಕಿಯ ಮುಂದೆ ಹಿಡಿದು, ಆಗಾಗ ಬೆರಳಲ್ಲಿ ತಟ್ಟಿ, ಠಣ್ ಎನ್ನುವವರೆಗೆ ಕಾಯಿಸಬೇಕು. ಆ ಬಿಗಿ ಈ ಹವೆಯಲ್ಲಿ ಒಂದೆರಡು ಹಾಡಿನಷ್ಟು ಹೊತ್ತು ಮಾತ್ರ. ಕರೆಂಟ್ ಬರುವಷ್ಟರಲ್ಲಿ ತಮಟೆ ಬದ್ ಬದ್ ಎನ್ನುತ್ತಿತ್ತು. ನಿಂತಲ್ಲಿಂದ ನುಡಿಸಿ ಜೋಡಿಸೋಣವೆಂದರೆ ಹಿಂದಿನ ಪೆಟ್ಟಿಗೂ ಮುಂದಿನ ಪೆಟ್ಟಿಗೂ ಶ್ರುತಿ ಕೂಡುವುದಿಲ್ಲ, ಸಿಂಬಲ್ಲಿನ ನಾದ ತುಂಡಾದದ್ದು ಕಿವಿಗೆ ಬಡಿಯುತ್ತದೆ. ಮತ್ತೆ ಮೊದಲಿಂದ, ಮತ್ತೆ ಬೆಂಕಿ.

ಇನ್ನೊಂದು ದಿನ ಮಾಡಿ ಎನ್ನುತ್ತಾರೆ. ಕೊನೆಯ ಆಲ್ಬಂಗೆ ಇನ್ನೊಂದು ದಿನ ಎಲ್ಲಿಂದ ತರುವುದು? ಭಾನುವಾರ ರಾತ್ರಿಯ ಬಸ್ಸಿಗೆ ತಂಡದ ಇಬ್ಬರು ಊರು ಬಿಟ್ಟರು. ಇಂಗ್ಲೆಂಡಿನ ದಿ ಸ್ಮಿತ್ಸ್ ತಂಡದ ಕೊನೆಯ ಸ್ಟುಡಿಯೊ ಆಲ್ಬಂ 1987ರ ಸೆಪ್ಟೆಂಬರಿನಲ್ಲಿ ಹೊರಬರುವಷ್ಟರಲ್ಲಿ ತಂಡವೇ ಒಡೆದಿತ್ತು. ಮುದ್ರಣ ಮೊದಲೇ ಮುಗಿದಿದ್ದಕ್ಕೆ ಹಾಡುಗಳು ಉಳಿದವು. ನಮ್ಮ ಹುಡುಗರಿಗೆ ಮುಗಿಸಲೂ ಬಿಡಲಿಲ್ಲ.

ತಂತಿಗೆ ತಾಗುವ ಕೊಂಬೆ ಕಡಿಯಿರಿ ಎಂದು ಏಪ್ರಿಲ್‌ನಲ್ಲೇ ಅರ್ಜಿ ಕೊಟ್ಟಿದ್ದೆವು. ಮಳೆ ಹಿಡಿದ ಮೇಲೆ ಏಣಿ ತಂದರು. ಪೈಪಿಗೆಂದು ಅಗೆದ ರಸ್ತೆಯನ್ನು ಮುಚ್ಚಿದವರಿಲ್ಲ, ಡ್ರಮ್ಸ್ ಪೆಟ್ಟಿಗೆಗಳನ್ನು ಕೆಸರಿನಲ್ಲಿ ಹೊತ್ತು ತಂದೆವು. ಹೋದ ವರ್ಷ ಕಾರ್ಯಕ್ರಮಕ್ಕೆ ಸಭಾಂಗಣ ಕೇಳಿದರೆ, ರಾಕ್ ಎಂದರೆ ಗಲಾಟೆ ಎಂದು ಅರ್ಜಿ ವಾಪಸ್ ಮಾಡಿದರು. ಮುಖಂಡರ ಹುಟ್ಟುಹಬ್ಬಕ್ಕೆ ಮಧ್ಯರಾತ್ರಿವರೆಗೆ ಡಿಜೆ ಹಾಕಿದಾಗ ಈ ಕಿವಿಗಳು ಎಲ್ಲಿದ್ದವು?

ಕರೆಂಟ್ ತೆಗೆಯುವುದಾದರೆ ಹಿಂದಿನ ದಿನವೇ ಹೊತ್ತು ಹೇಳಿ. ಇಲ್ಲವೇ ಲೈನನ್ನು ಸರಿಯಾಗಿ ಇಟ್ಟುಕೊಳ್ಳಿ. ಎರಡೂ ನಿಮ್ಮದೇ ಕೆಲಸ, ಎರಡನ್ನೂ ಮಾಡಿ. ರಸ್ತೆ ಅಗೆದವರು, ಸಭಾಂಗಣದವರು ಕೂಡ ಇದನ್ನು ಓದಲಿ. ತಿಂಗಳ ಬಿಲ್ ಒಂದು ದಿನ ತಡವಾದರೆ ಬಾಗಿಲಿಗೆ ಬರುತ್ತೀರಿ, ಕಂಬದ ಹತ್ತಿರ ಬರಲು ಏನು ರೋಗ?

– ನೊಂದ ಸಂಗೀತಾಸಕ್ತರು, ವಿಜಯಪುರ, ಚಿಕ್ಕಮಗಳೂರು