ಸೂತ್ರಗಳನ್ನು ಉರು ಹೊಡೆಯಬೇಡ ಪುಟ್ಟಿ

ಚಿಕ್ಕಬಳ್ಳಾಪುರ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಫಿಸಿಕಲ್ ಕೆಮಿಸ್ಟ್ರಿ ತಲೆಗೆ ಹತ್ತುತ್ತಿಲ್ಲ, ಸೂತ್ರಗಳನ್ನೆಲ್ಲ ಉರು ಹೊಡೆದು ಇಂಟರ್ನಲ್ಸ್ ಬರೆದುಬಿಡುತ್ತೇನೆ ಅಂತ ಅಮ್ಮನ ಹತ್ತಿರ ಹೇಳಿದೆಯಂತೆ. ಹಾಗೆ ಮಾಡಬೇಡ ಕಣಮ್ಮ. ಪಿಯುಸಿಯಲ್ಲಿ ಹೇಗೋ ನಡೆಯಿತು. ಬಿ.ಎಸ್ಸಿ.ಯಲ್ಲಿ ಪ್ರತಿ ಸೂತ್ರದ ಹಿಂದೆಯೂ ಒಂದು ಷರತ್ತು ಇರುತ್ತದೆ. ಅದನ್ನು ಮೊದಲು ಹಿಡಿ.

ಅನಿಲದ ಒತ್ತಡ, ಗಾತ್ರ, ತಾಪಗಳನ್ನು ಜೋಡಿಸುವ ಆದರ್ಶ ಅನಿಲದ ಸಮೀಕರಣವನ್ನೇ ನೋಡು. ಕಣಗಳಿಗೆ ಗಾತ್ರವಿಲ್ಲ, ಒಂದನ್ನೊಂದು ಎಳೆಯುವುದೂ ಇಲ್ಲ ಅಂತ ಒಪ್ಪಿಕೊಂಡರೆ ಮಾತ್ರ ಅದು ಸರಿ. ಒತ್ತಡ ಜಾಸ್ತಿ ಮಾಡಿ ತಣ್ಣಗೆ ಮಾಡಿದರೆ ಎರಡೂ ಸುಳ್ಳಾಗುತ್ತವೆ. 1873ರಲ್ಲಿ ವಾನ್ ಡರ್ ವಾಲ್ಸ್ ಅನ್ನುವ ವಿಜ್ಞಾನಿ ಆ ಸಮೀಕರಣಕ್ಕೆ ಎ, ಬಿ ಅಂತ ಎರಡು ಸ್ಥಿರಾಂಕ ಸೇರಿಸಿದ್ದು ಇವನ್ನು ತಿದ್ದುವುದಕ್ಕೇ. ಇಷ್ಟು ಅರ್ಥವಾದರೆ ಆ ಉದ್ದ ಸಮೀಕರಣ ತಾನಾಗೇ ನೆನಪಿರುತ್ತದೆ.

ಇನ್ನೊಂದು, ಯೂನಿಟ್. ನಮ್ಮ ನಂದಿ ಬೆಟ್ಟ 1478 ಮೀಟರ್ ಎತ್ತರ. ಮೇಲೆ ಗಾಳಿಯ ಒತ್ತಡ ಸುಮಾರು 0.84 ಅಟ್ಮಾಸ್ಫಿಯರ್. ಅಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಒತ್ತಡಕ್ಕೆ ತಕ್ಕಂತೆ ಕುದಿಯುವ ತಾಪ ಹೇಗೆ ಬದಲಾಗುತ್ತದೆ ಅಂತ ಹೇಳುವ ಕ್ಲಾಸಿಯಸ್–ಕ್ಲಾಪೇರಾನ್ ಸಮೀಕರಣಕ್ಕೆ ನೀರು ಆವಿಯಾಗುವ ಎಂಥಾಲ್ಪಿ (ಅದಕ್ಕೆ ಬೇಕಾಗುವ ಶಾಖ) ಹಾಕು, ಮೋಲ್‌ಗೆ 40.7 ಕಿಲೋಜೂಲ್. ಅನಿಲ ಸ್ಥಿರಾಂಕ ಆರ್ ಬೆಲೆ 8.314, ಆದರೆ ಅದು ಜೂಲ್‌ನಲ್ಲಿ. ಕಿಲೋಜೂಲನ್ನು ಜೂಲ್ ಮಾಡಿಕೊಂಡರೆ ಉತ್ತರ ಸುಮಾರು 95 ಡಿಗ್ರಿ ಸೆಲ್ಸಿಯಸ್. ಮರೆತೆಯೋ, ಮೈನಸ್ 247 ಬರುತ್ತದೆ. ಸೂತ್ರ ಎರಡು ಕಡೆಯೂ ಅದೇ. ಅಂಥ ಉತ್ತರ ಕಂಡ ಕೂಡಲೇ ಮನಸ್ಸಿಗೆ ಅನುಮಾನ ಬರಬೇಕು. ಆ ಅನುಮಾನ ಉರು ಹೊಡೆದವರಿಗೆ ಬರುವುದಿಲ್ಲ, ಕೈಯಾರೆ ಲೆಕ್ಕ ಮಾಡಿದವರಿಗೆ ಬರುತ್ತದೆ. ಹಾಗಾಗಿ ಪ್ರತಿ ಸಾಲಿನಲ್ಲೂ ಅಂಕಿಯ ಪಕ್ಕ ಯೂನಿಟ್ ಬರಿ. ಬೇಜಾರಾದರೂ ಬರಿ.

ಗಣಿತದ ಭಯ ಬೇಡ. ಲಾಗ್, ಡಿಫರೆನ್ಸಿಯೇಶನ್, ಸ್ವಲ್ಪ ಇಂಟಿಗ್ರೇಶನ್ ಗಟ್ಟಿ ಮಾಡಿಕೊಂಡರೆ ಮೊದಲ ವರ್ಷಕ್ಕೆ ಸಾಕು.

ಥರ್ಮೋಡೈನಾಮಿಕ್ಸನ್ನೂ ಕೈನೆಟಿಕ್ಸನ್ನೂ ಕಲಸಿಕೊಳ್ಳಬೇಡ. ಇಲ್ಲಿ ತುಂಬಾ ಮಕ್ಕಳು ಎಡವುತ್ತಾರೆ. ನಮ್ಮ ಸುತ್ತಲಿನ ಒತ್ತಡ, ತಾಪದಲ್ಲಿ ವಜ್ರಕ್ಕಿಂತ ಗ್ರಾಫೈಟೇ ಹೆಚ್ಚು ಸ್ಥಿರ. ಲೆಕ್ಕದ ಪ್ರಕಾರ ವಜ್ರ ಗ್ರಾಫೈಟ್ ಆಗಬೇಕು. ಆದರೆ ಅಜ್ಜಿಯ ಮೂಗುತಿಯ ವಜ್ರ ಹಾಗೇ ಇದೆ ಅಲ್ವಾ? ಬದಲಾವಣೆಗೆ ದಾಟಬೇಕಾದ ಶಕ್ತಿಯ ಅಡ್ಡಿ ಅಷ್ಟು ದೊಡ್ಡದು. ಆಗುತ್ತದೋ ಇಲ್ಲವೋ ಅನ್ನುವುದು ಥರ್ಮೋಡೈನಾಮಿಕ್ಸ್‌ನ ಪ್ರಶ್ನೆ, ಎಷ್ಟು ಬೇಗ ಅನ್ನುವುದು ಕೈನೆಟಿಕ್ಸ್‌ನ ಬೇರೆಯೇ ಪ್ರಶ್ನೆ. ಪರೀಕ್ಷೆಯಲ್ಲಿ ಯಾವುದನ್ನು ಕೇಳಿದ್ದಾರೆ ಅಂತ ನೋಡಿಕೊಂಡು ಪೆನ್ನು ಎತ್ತು.

ಡೆರಿವೇಶನ್ ಓದುವಾಗ ಪುಸ್ತಕ ಮುಚ್ಚಿ ಒಂದು ಸಲ ನೀನೇ ಬರಿ. ಎಲ್ಲಿ ನಿಲ್ಲುತ್ತೀಯೋ ಅಲ್ಲೇ ನಿನಗೆ ಅರ್ಥವಾಗಿಲ್ಲ. ಅದನ್ನು ಮಾರನೇ ದಿನವೇ ಮೇಷ್ಟ್ರ ಹತ್ತಿರ ಕೇಳು. ಸಂಕೋಚ ಪಡಬೇಡ.

ಭಾನುವಾರ ಬರುವಾಗ ಒಂದು ಲೆಕ್ಕ ಮಾಡಿಕೊಂಡು ಬಾ. ಕುಕ್ಕರ್ ಒಳಗೆ ಒಟ್ಟು ಒತ್ತಡ 2 ಅಟ್ಮಾಸ್ಫಿಯರ್ ಆದಾಗ ನೀರು ಎಷ್ಟಕ್ಕೆ ಕುದಿಯುತ್ತದೆ? 120 ಡಿಗ್ರಿಯ ಆಸುಪಾಸು ಬರಬೇಕು. ಬರದಿದ್ದರೆ ಆ ಹಾಳೆಯನ್ನೇ ತಾ, ಒಟ್ಟಿಗೆ ಕೂತು ನೋಡೋಣ.

ನಿನ್ನ ದೊಡ್ಡಪ್ಪ