ಕಾಮಾಲೆಗೆ ಕಾಯದೆ ಸ್ಕ್ಯಾನ್ ಮಾಡಿ

ಮಾನ್ಯ ಸಂಪಾದಕರೇ,

ಥಲಸ್ಸೇಮಿಯಾ ಅಥವಾ ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಅಸ್ಥಿಮಜ್ಜೆ ಕಸಿ ಎಂದರೆ, ದಾನಿ ಸಿಕ್ಕರಾ, ದುಡ್ಡು ಹೊಂದಿತಾ ಎಂದು ಎಲ್ಲರೂ ವಿಚಾರಿಸುತ್ತಾರೆ. ಕಸಿಯಾದ ಮೊದಲ ಮೂರು ವಾರ ಲಿವರ್ ಹೇಗಿದೆ ಎಂದು ಕೇಳುವವರು ಕಡಿಮೆ.

ಕಸಿಗೆ ಮುಂಚೆ ಕೊಡುವ ಬುಸಲ್ಫಾನ್‌ನಂಥ ಜೋರು ಕೀಮೋ, ಲಿವರ್‌ನ ಸಣ್ಣ ರಕ್ತನಾಳಗಳನ್ನು ಹಾಳು ಮಾಡಬಹುದು. ಆಗ ರಕ್ತ ಮುಂದೆ ಸಾಗದೆ ಕಟ್ಟಿಕೊಳ್ಳುತ್ತದೆ. ಲಿವರ್ ಊದಿ ನೋಯುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ತೂಕ ಏರುತ್ತದೆ. ವೈದ್ಯರು ಇದನ್ನು ವಿಒಡಿ ಎನ್ನುತ್ತಾರೆ. ಬೇರೆ ಅಂಗಗಳೂ ಕೈಕೊಟ್ಟು, ಸರಿಯಾದ ಔಷಧಿಯೂ ಸಿಗದಿದ್ದರೆ ನೂರಕ್ಕೆ 80ಕ್ಕಿಂತ ಜಾಸ್ತಿ ಮಂದಿ ಉಳಿಯುವುದಿಲ್ಲ.

ಕಾಯಿಲೆ ಗುರುತಿಸುವ ಹಳೆಯ ಬಾಲ್ಟಿಮೋರ್ ಮಾನದಂಡದಲ್ಲಿ ರಕ್ತದ ಬಿಲಿರುಬಿನ್ (ಕಾಮಾಲೆ ತರುವ ಹಳದಿ ಅಂಶ) 2 ಮಿ.ಗ್ರಾಂ/ಡೆ.ಲೀ. ಮುಟ್ಟದೆ ಇದು ವಿಒಡಿ ಎನ್ನುವಂತಿಲ್ಲ. ಮಕ್ಕಳಲ್ಲಿ ಕಾಮಾಲೆ ಇಲ್ಲದೆಯೂ ಇದು ಬರುತ್ತದೆ. ಹಾಗಿರುವಾಗ ರಕ್ತಪರೀಕ್ಷೆಯನ್ನೇ ನಂಬಿ ಕೂತರೆ ಹೇಗೆ? ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿ ಮಾಡೋಣವೆಂದರೆ ಪ್ಲೇಟ್‌ಲೆಟ್ ತಳ ಹಿಡಿದಿರುತ್ತದೆ, ರಕ್ತಸ್ರಾವದ ಭಯ.

ಅಲ್ಟ್ರಾಸೌಂಡ್‌ಗೆ ಈ ತೊಡಕಿಲ್ಲ. ಜಪಾನಿನ ಹೊಕ್ಕೈಡೊದ ತಜ್ಞರು 'ಹೊಕಸ್-10' ಎಂಬ ಅಂಕಪದ್ಧತಿ ಮಾಡಿದ್ದಾರೆ. ಲಿವರ್ ಗಾತ್ರ, ಪಿತ್ತಕೋಶದ ಗೋಡೆಯ ದಪ್ಪ, ಹೊಟ್ಟೆಯ ನೀರು, ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಅಗಲ, ಅದರಲ್ಲಿ ರಕ್ತ ಹರಿಯುವ ವೇಗ ಮತ್ತು ದಿಕ್ಕು, ಹೀಗೆ ಹತ್ತು ವಿಷಯ ನೋಡಿ ಅಂಕ ಹಾಕುತ್ತಾರೆ. ರಕ್ತ ಹಿಮ್ಮುಖವಾಗಿ ಹರಿಯುತ್ತಿದ್ದರೆ ಕಾಯಿಲೆ ಆಗಲೇ ಬಲಿತಿದೆ ಎಂದು ಲೆಕ್ಕ. ಗಡಸುತನ ಅಳೆಯುವ ಸ್ಕ್ಯಾನ್ ಆದ ಎಲಾಸ್ಟೋಗ್ರಫಿಯಲ್ಲಿ ಲಿವರ್ ಗಟ್ಟಿಯಾಗುವುದು ಎಷ್ಟೋ ಸಲ ಲಕ್ಷಣಗಳಿಗಿಂತ ಮೊದಲೇ ತಿಳಿಯುತ್ತದೆ. ಯುರೋಪಿನ ಕಸಿ ತಜ್ಞರ ಸಂಘವೂ 2023ರಲ್ಲಿ ವಯಸ್ಕರ ಮಾನದಂಡ ಪರಿಷ್ಕರಿಸುವಾಗ ಸ್ಕ್ಯಾನಿಂಗ್‌ಗೆ ಜಾಗ ಕೊಟ್ಟಿತು.

ಹಾಗಂತ ಒಂದೇ ಸ್ಕ್ಯಾನ್ ನೋಡಿ ಭವಿಷ್ಯ ಹೇಳಲಾಗದು. ಹೊಟ್ಟೆಯಲ್ಲಿ ನೀರು ಬೇರೆ ಕಾರಣಕ್ಕೂ ಬರುತ್ತದೆ. ಥಲಸ್ಸೇಮಿಯಾ ಮಕ್ಕಳ ಲಿವರ್ ಕಬ್ಬಿಣ ತುಂಬಿ ಮೊದಲೇ ಊದಿರಬಹುದು. ಅದಕ್ಕೇ ಕೀಮೋಗೆ ಮುಂಚಿನ ಸ್ಕ್ಯಾನ್ ಬೇಕೇ ಬೇಕು. ಅದಿಲ್ಲದಿದ್ದರೆ ಆಮೇಲಿನದನ್ನು ಯಾವುದಕ್ಕೆ ಹೋಲಿಸುವುದು?

ಖರ್ಚಿನ ನೆಪ ಇಲ್ಲಿ ನಿಲ್ಲುವುದಿಲ್ಲ. ವಿಒಡಿಗೆಂದು ಅಮೆರಿಕ 2016ರಲ್ಲಿ ಒಪ್ಪಿದ ಡಿಫೈಬ್ರೊಟೈಡ್ ಔಷಧಿಯನ್ನು ಕನಿಷ್ಠ 21 ದಿನ, ದಿನಕ್ಕೆ ನಾಲ್ಕು ಸಲ ಕೊಡಬೇಕು. ಅದರ ಬೆಲೆ ವಿಪರೀತ, ತಡವಾದಷ್ಟೂ ಉಪಯೋಗ ಕಡಿಮೆ. ಅದರ ಮುಂದೆ ಸ್ಕ್ಯಾನಿಂಗ್ ಖರ್ಚು ಯಾವ ಲೆಕ್ಕ? ಪ್ರತ್ಯೇಕ ಕೋಣೆಯಲ್ಲಿರುವ ರೋಗಿಯನ್ನು ಹೊರಗೆ ಕರೆತರುವ ಗೋಜೂ ಬೇಡ. ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಾಯಿಸಿದ ಪೋರ್ಟಬಲ್ ಯಂತ್ರವನ್ನು ಆಸ್ಪತ್ರೆಯೊಳಗೆ ಒಳರೋಗಿಗಳಿಗೆ ಬಳಸಬಹುದು.

ಕಸಿಯ ಪ್ಯಾಕೇಜ್‌ನಲ್ಲೇ, ಸರ್ಕಾರಿ ನೆರವಿನದ್ದರಲ್ಲೂ, ಮುಂಚಿನ ಒಂದು ಸ್ಕ್ಯಾನ್ ಮತ್ತು ಆಮೇಲೆ ಮೂರು ವಾರ ನಿಯಮಿತ ಸ್ಕ್ಯಾನ್‌ಗಳನ್ನು ಸೇರಿಸಬೇಕು. ಅಲ್ಲಿಯವರೆಗೆ ಪೋಷಕರು ಕೀಮೋ ಶುರುವಾಗುವ ಮುಂಚೆಯೇ ಇದನ್ನು ಕೇಳಿ ಮಾಡಿಸಿಕೊಳ್ಳಲಿ.

– ನಿವೃತ್ತ ರೇಡಿಯಾಲಜಿಸ್ಟ್, ಮೈಸೂರು